ಯಜಮಾನರು ನಿವೃತ್ತಿ ಆಗುತ್ತಿದ್ದಾರೆ, ಕೆಲಸಗಾರರಾದ ನಾವೇ ಕಾರ್ಖಾನೆ ತೆಗೆದುಕೊಳ್ಳಬಹುದಾ?

ಸ್ಪಿಂಡಲ್:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಒಂದೇ ಕಾರ್ಖಾನೆಯಲ್ಲಿ 19 ವರ್ಷದಿಂದ ಇದ್ದೇನೆ. ಹೆಲ್ಪರ್ ಆಗಿ ಸೇರಿದೆ, ಈಗ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಣದ ಮೆಷಿನ್‌ಗಳ ವಿಭಾಗ ನೋಡಿಕೊಳ್ಳುತ್ತೇನೆ. ಪಂಪ್‌ಗಳಿಗೆ ಬೇಕಾದ ಶಾಫ್ಟ್, ಬುಷ್, ಫ್ಲ್ಯಾಂಜ್ ಮಾಡುತ್ತೇವೆ. ಒಟ್ಟು 23 ಜನ. ಅದರಲ್ಲಿ 17 ಜನ ನನ್ನ ಹಾಗೆಯೇ ಪರಿಶಿಷ್ಟ ಸಮುದಾಯದಿಂದ ಬಂದವರು. ಅಪ್ಪ, ಅಜ್ಜ ಯಾರ ಹೆಸರಲ್ಲೂ ಜಮೀನು ಇರಲಿಲ್ಲ, ಅಂಗಡಿ ಇರಲಿಲ್ಲ. ಬೇರೆಯವರ ಕಾರ್ಖಾನೆಯಲ್ಲಿ ಕಾಯಂ ಕೆಲಸ ಸಿಕ್ಕಿದರೆ ಅದೇ ದೊಡ್ಡದು ಅಂತ ನಂಬಿ ಬೆಳೆದವರು.

ನಮ್ಮ ಯಜಮಾನರಿಗೆ 69. ಮಕ್ಕಳಿಬ್ಬರೂ ಬೇರೆ ಕೆಲಸದಲ್ಲಿದ್ದಾರೆ, ಇದಕ್ಕೆ ಬರುವುದಿಲ್ಲ ಅಂತ ಖಡಾಖಂಡಿತ ಹೇಳಿದ್ದಾರೆ. ಕಳೆದ ತಿಂಗಳು ಒಬ್ಬ ದಲ್ಲಾಳಿ ಬಂದಿದ್ದ. ಇಡೀ ಶೆಡ್ ಸುತ್ತಿದ, ಒಂದು ಮೆಷಿನ್ ಕೂಡ ಆನ್ ಮಾಡಿಸಿ ನೋಡಲಿಲ್ಲ. ಟೇಪ್ ಹಿಡಿದು ನೆಲ ಅಳೆದುಕೊಂಡು ಹೋದ. ಆಮೇಲೆ ಯಜಮಾನರು ನನ್ನ ಪಕ್ಕ ಬಂದು ನಿಂತರು. ಕಾಟನ್ ವೇಸ್ಟ್‌ನಲ್ಲಿ ಕೈ ಒರೆಸಿಕೊಳ್ಳುತ್ತಾ, "ಇವರಿಗೆ ಕೊಟ್ಟರೆ ಮೂರೇ ತಿಂಗಳಲ್ಲಿ ಎಲ್ಲಾ ಗುಜರಿಗೆ ಹೋಗುತ್ತೆ. ನೀವೇ ತಗೊಳ್ಳೋದಾದರೆ ಹೇಳಿ, ಎರಡು ವರ್ಷ ಕಾಯ್ತೀನಿ" ಅಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಖುಷಿಗೋ ಭಯಕ್ಕೋ ಗೊತ್ತಿಲ್ಲ.

ಇದು ಆಗುವ ಮಾತಾ? ದುಡ್ಡು ಎಲ್ಲಿಂದ ತರುವುದು? ಕಂಪನಿ ಮಾಡಬೇಕಾ, ಸಹಕಾರ ಸಂಘ ಮಾಡಬೇಕಾ? ಇಂಥದ್ದನ್ನು ಮಾಡಿದವರು ಯಾರಾದರೂ ಇದ್ದೀರಾ?

ಒಗ್ಗಟ್ಟು:
ಖಂಡಿತ ಆಗುತ್ತದೆ ಅಣ್ಣ. ಬಿಡಬೇಡಿ.

ನೇರಮಾತು:
ಬೇಜಾರು ಮಾಡಿಕೊಳ್ಳಬೇಡಿ. ಮೆಷಿನ್ ಓಡಿಸುವುದು ಬೇರೆ, ವ್ಯಾಪಾರ ನಡೆಸುವುದು ಬೇರೆ. ಇನ್ನೊಂದು, ಇದರಲ್ಲಿ ಸಮುದಾಯದ ಮಾತು ಯಾಕೆ? ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಮಾರುವುದು ಮಾಲೀಕರ ಹಕ್ಕು.

ಜಾಮೀನು:
@ನೇರಮಾತು, ನಾನು 31 ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದವನು. ಸಮುದಾಯದ ಮಾತು ಯಾಕೆ ಬರುತ್ತದೆ ಅಂತ ನಾನು ಹೇಳುತ್ತೇನೆ.

ಇಬ್ಬರು ಬರುತ್ತಾರೆ ಅಂದುಕೊಳ್ಳಿ. ಇಬ್ಬರಿಗೂ ಒಂದೇ ಕೆಲಸ ಗೊತ್ತು, ಒಂದೇ ಅನುಭವ. ಬ್ಯಾಂಕು ಕೇಳುವುದು ಎರಡು. ಮೊದಲು ನಿಮ್ಮ ಕೈಯಿಂದ ಎಷ್ಟು ಹಾಕುತ್ತೀರಿ, ಆಮೇಲೆ ಅಡಮಾನಕ್ಕೆ ಏನಿದೆ. ಮೊದಲನೆಯವನಿಗೆ ಅಪ್ಪನ ಸೈಟು ಇದೆ, ಮಾವನ ಹತ್ತಿರ ಕೈಸಾಲ ಸಿಗುತ್ತದೆ, ಚಿಕ್ಕಪ್ಪ ಜಾಮೀನು ಹಾಕುತ್ತಾರೆ. ಎರಡನೆಯವನ ಇಡೀ ನೆಂಟರಿಷ್ಟರಲ್ಲಿ ಒಬ್ಬರ ಹೆಸರಲ್ಲೂ ಆಸ್ತಿಪತ್ರ ಇಲ್ಲ. ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಅವನ ಕೈಚಳಕ ನೋಡಲು ಯಾರೂ ಹೋಗುವುದಿಲ್ಲ. ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಅಂದ ತಕ್ಷಣ, ಹಿಂದಿನ ಮೂರು ತಲೆಮಾರಿನ ಲೆಕ್ಕವೂ ಅದರೊಳಗೆ ಬಂದುಬಿಡುತ್ತದೆ ಅಲ್ವಾ?

ಇಂಥ ಅರ್ಜಿಗಳನ್ನು ನಾನೇ ವಾಪಸ್ ಕಳಿಸಿದ್ದೇನೆ. ಒಬ್ಬ ವೆಲ್ಡರ್ ಮೂರು ಸಲ ಬಂದಿದ್ದ. ಅವನ ಮುಖ ಇನ್ನೂ ನೆನಪಿದೆ.

ಓದುಗ:
ಇದು ನಿಮ್ಮೊಬ್ಬರ ಕಾರ್ಖಾನೆಯ ಕಥೆ ಅಲ್ಲ. ಜಪಾನಿನ ಸರ್ಕಾರವೇ ಒಂದು ಅಂದಾಜು ಮಾಡಿತ್ತು. 2025ರ ಹೊತ್ತಿಗೆ ಸಣ್ಣ, ಮಧ್ಯಮ ಉದ್ಯಮಗಳ ಸುಮಾರು 24 ಲಕ್ಷ 50 ಸಾವಿರ ಮಾಲೀಕರು 70 ದಾಟುತ್ತಾರೆ, ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮುಂದೆ ನಡೆಸುವವರು ಯಾರು ಅನ್ನುವುದೇ ನಿಕ್ಕಿ ಆಗಿಲ್ಲ ಅಂತ. ಲಾಭದಲ್ಲಿರುವ ಕಾರ್ಖಾನೆಗಳೂ ಸುಮ್ನೆ ಬಾಗಿಲು ಹಾಕಿಕೊಳ್ಳುವ ಪರಿಸ್ಥಿತಿ ಅದು.

ಮೈಕ್ರಾನ್:
ಮೆಷಿನ್‌ಗಳು ಎಷ್ಟು ಹಳೆಯವು? ಬೆಡ್ ಸವೆದಿದೆಯಾ? ಬಾಲ್‌ಸ್ಕ್ರೂ ಬ್ಯಾಕ್‌ಲ್ಯಾಶ್, ಅಂದರೆ ಸಡಿಲ, ಎಷ್ಟು ಬರುತ್ತಿದೆ? ಮೊದಲು ಅದನ್ನು ಹೇಳಿ.

ಸ್ಪಿಂಡಲ್:
@ಮೈಕ್ರಾನ್ ಸರ್, ಮೂರು ಸಿಎನ್‌ಸಿ ಟರ್ನಿಂಗ್, ಒಂದು ವಿಎಂಸಿ (ಕಂಪ್ಯೂಟರ್ ಮಿಲ್ಲಿಂಗ್ ಮೆಷಿನ್), ನಾಲ್ಕು ಹಳೇ ಲೇತ್, ಒಂದು ಸಿಲಿಂಡ್ರಿಕಲ್ ಗ್ರೈಂಡರ್. ಗ್ರೈಂಡರ್ ನನಗಿಂತ ಹಳೆಯದು, ಆದರೆ ಇವತ್ತಿಗೂ ಅಳತೆಯನ್ನು 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗ) ಒಳಗೆ ಹಿಡಿಯುತ್ತದೆ. ಒಂದು ಟರ್ನಿಂಗ್ ಸೆಂಟರ್‌ನ ಸ್ಪಿಂಡಲ್ ಬೇರಿಂಗ್ ಸದ್ದು ಮಾಡುತ್ತಿದೆ, ಬದಲಾಯಿಸಬೇಕು.

ಮೈಕ್ರಾನ್:
ಗ್ರೈಂಡರ್ ಯಾವ ಕಾರಣಕ್ಕೂ ಬಿಡಬೇಡಿ. ಬೇರಿಂಗ್ ಖರ್ಚನ್ನು ಮಾತುಕತೆಯಲ್ಲಿ ಬೆಲೆಯಿಂದ ಕಳೆಯಿರಿ. ಹಳೇ ಲೇತ್‌ಗೆ ಈಗ ಬೆಲೆ ಇಲ್ಲ ಅನ್ನುತ್ತಾರೆ, ಆದರೆ ರಿಪೇರಿ ಕೆಲಸ ಬಂದಾಗ ಅದೇ ಅನ್ನ ಹಾಕುವುದು.

ಲೆಕ್ಕದಪುಸ್ತಕ:
ಮೆಷಿನ್ ಮಾತು ಸಾಕು ಸರ್, ಲೆಕ್ಕಕ್ಕೆ ಬರೋಣ. ಸಣ್ಣ ಕಾರ್ಖಾನೆಗಳ ಲೆಕ್ಕ ಬರೆಯುವುದೇ ನನ್ನ ಕೆಲಸ. ಸ್ಪಿಂಡಲ್ ಅವರೇ, ಒಂದು ಕಾರ್ಖಾನೆಗೆ ಮೂರು ಬೆಲೆ ಇರುತ್ತದೆ. ಗುಜರಿ ಬೆಲೆ. ಮೆಷಿನ್‌ಗಳನ್ನು ಬಿಡಿಬಿಡಿಯಾಗಿ ಮಾರಿದರೆ ಸಿಗುವ ಬೆಲೆ. ಮತ್ತೆ, ಓಡುತ್ತಿರುವ ವ್ಯಾಪಾರದ ಬೆಲೆ. ನೀವು ಕೊಡುವುದು ಮೂರನೆಯದು. ಅದನ್ನು ವರ್ಷದ ಲಾಭದ ಮೇಲೆ ಕಟ್ಟುತ್ತಾರೆ, ಲಾಭದ ಇಷ್ಟು ಪಟ್ಟು ಅಂತ.

ಜನ ಎಡವುವುದು ಇಲ್ಲೇ. ಯಾವ ಲಾಭ? ಪುಸ್ತಕದಲ್ಲಿ ಯಜಮಾನರ ಮನೆಯ ಕಾರಿನ ಖರ್ಚನ್ನೂ ಕಳೆದು ಲಾಭ ಬರೆದಿರುತ್ತಾರೆ. ಆ ಖರ್ಚನ್ನು ತೆಗೆದರೆ ಲಾಭ ಏರುತ್ತದೆ. ಮಾರುವವರು ಇದನ್ನು ಮರೆಯದೆ ಹೇಳುತ್ತಾರೆ. ಅವರು ಹೇಳದೇ ಬಿಡುವುದು ಇನ್ನೊಂದಿದೆ. ಯಜಮಾನರು ದಿನಕ್ಕೆ 12 ಗಂಟೆ ದುಡಿದು ಸಂಬಳ ಅಂತ ಒಂದು ಪೈಸೆ ತೆಗೆದುಕೊಂಡಿರುವುದಿಲ್ಲ. ಅವರು ಹೋದ ಮೇಲೆ ಆ ಕೆಲಸಕ್ಕೆ ಒಬ್ಬರನ್ನೋ ಇಬ್ಬರನ್ನೋ ಸಂಬಳ ಕೊಟ್ಟು ಇಡಬೇಕು. ಅದನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಲಾಭ. ಎಷ್ಟೋ ಕಡೆ ಈ ಲೆಕ್ಕ ಹಾಕಿದರೆ ಏನೂ ಉಳಿಯುವುದಿಲ್ಲ.

ನಿಮ್ಮದೇ ಗ್ರಾಚ್ಯುಟಿ ಬಾಕಿಯನ್ನೂ ಮರೆಯಬೇಡಿ. 23 ಜನರ ಇಷ್ಟು ವರ್ಷದ ಬಾಕಿ ಆ ಕಂಪನಿಯ ಮೇಲಿರುವ ಸಾಲ. ಅದನ್ನು ಬೆಲೆಯಲ್ಲಿ ಕಳೆಯದೆ ಕೊಂಡರೆ, ನಿಮಗೆ ಬರಬೇಕಾದ ದುಡ್ಡನ್ನು ನೀವೇ ಕಟ್ಟಿದ ಹಾಗೆ.

ನೇರಮಾತು:
ಇದಕ್ಕೇ ಹೇಳಿದ್ದು, ವ್ಯಾಪಾರ ಬೇರೆ ಅಂತ.

ಲೆಕ್ಕದಪುಸ್ತಕ:
@ನೇರಮಾತು, ಇದು ಕಲಿಯಲಾಗದ ವಿದ್ಯೆಯೇನಲ್ಲ. ನನಗೂ ಯಾರೋ ಕೂರಿಸಿಕೊಂಡು ಹೇಳಿಕೊಟ್ಟರು, ಕಲಿತೆ.

ಹೊಲಿಗೆಮನೆ:
ನಾವು ಮಾಡಿದ್ದೇವೆ. ಪೂರ್ತಿ ಗೆದ್ದೆವು ಅಂತ ಹೇಳಲಾರೆ, ಸೋತೂ ಇಲ್ಲ.

ಸಣ್ಣ ಗಾರ್ಮೆಂಟ್ ಘಟಕ, 11 ಹೆಂಗಸರು. ಮಾಲೀಕರಿಗೆ ಆರೋಗ್ಯ ಕೆಟ್ಟಿತು, ಮುಚ್ಚುತ್ತೇನೆ ಅಂದರು. ನಾವು ಸ್ವಸಹಾಯ ಗುಂಪಿನ ಉಳಿತಾಯ, ಒಂದಿಷ್ಟು ಒಡವೆ, ಉಳಿದದ್ದು ಕಂತು ಅಂತ ಮಾತಾಡಿ ತೆಗೆದುಕೊಂಡೆವು. ಹೊಲಿಗೆ ನಮಗೆ ಕರತಲಾಮಲಕ. ಕಾಲರ್ ಯಾರು ಚೆನ್ನಾಗಿ ಕೂರಿಸುತ್ತಾರೆ, ಯಾವ ಮೆಷಿನ್ ದಾರ ಕಡಿಯುತ್ತದೆ ಎಲ್ಲಾ ಗೊತ್ತು.

ಮಾಲೀಕರು ಹೋದ ಎರಡನೇ ವಾರ, ನಮ್ಮ ಅರ್ಧ ಕೆಲಸ ಕೊಡುತ್ತಿದ್ದ ಗಿರಾಕಿಗೆ ಫೋನ್ ಮಾಡಿದೆ. "ಯಜಮಾನರು ಇಲ್ವಾ?" ಅಂದರು. ಈಗ ನಾವೇ ನೋಡಿಕೊಳ್ಳುತ್ತಿದ್ದೇವೆ ಸರ್ ಅಂದೆ. "ಸರಿ, ಹೇಳ್ತೀನಿ" ಅಂತ ಇಟ್ಟರು. ಆಮೇಲೆ ನನ್ನ ಫೋನ್ ಎತ್ತಲೇ ಇಲ್ಲ. ಅದೇ ಬಟ್ಟೆ, ಅದೇ ಹೊಲಿಗೆ, ಅದೇ ಕೈಗಳು. ಬದಲಾದದ್ದು ಯಾರ ದನಿ ಅನ್ನುವುದು ಮಾತ್ರ. ಅದು ಹೆಣ್ಣಿನ ದನಿ, ಮತ್ತೆ ನಾವು ಯಾವ ಕೇರಿಯವರು ಅಂತ ಅವರಿಗೆ ಗೊತ್ತಿತ್ತು.

ನೂಲಿನ ಅಂಗಡಿಯವರು ಮೊದಲು 45 ದಿನ ಉದ್ರಿ ಕೊಡುತ್ತಿದ್ದರು. ನಮಗೆ ನಗದು ಇಡಿ ಅಂದರು. ಹಾಕಿದ ದುಡ್ಡೆಲ್ಲಾ ಮೆಷಿನ್‌ಗೆ ಹೋಗಿತ್ತು, ಕೈಯಲ್ಲಿ ಏನೂ ಇರಲಿಲ್ಲ. ಐದು ಜನ ಬಿಟ್ಟು ಹೋದರು, ಅವರನ್ನು ದೂರುವುದಿಲ್ಲ, ಮನೆ ನಡೆಯಬೇಕಲ್ಲ. ಉಳಿದ ಆರು ಜನ ಶಾಲೆ ಸಮವಸ್ತ್ರದ ಕೆಲಸ ಹಿಡಿದು ಉಳಿಸಿಕೊಂಡೆವು.

ಅಣ್ಣ, ನಿಮಗೆ ಎರಡು ವರ್ಷ ಇದೆ. ನಮಗೆ ಎರಡು ತಿಂಗಳು ಇತ್ತು.

ಸ್ಪಿಂಡಲ್:
ಅಕ್ಕಾ, ನಿಮ್ಮ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮಲ್ಲೂ ಹಾಗೇ. ಎಲ್ಲಾ ಗಿರಾಕಿಗಳ ನಂಬರ್ ಯಜಮಾನರ ಫೋನ್‌ನಲ್ಲಿ. ರೇಟ್ ಹೇಗೆ ಹಾಕುತ್ತಾರೆ ಅನ್ನುವುದು ಅವರ ತಲೆಯಲ್ಲಿ. ಡ್ರಾಯಿಂಗ್ ನೋಡಿ ಒಂದು ನಿಮಿಷ ಕಣ್ಣು ಮುಚ್ಚುತ್ತಾರೆ, ರೇಟ್ ಹೇಳುತ್ತಾರೆ.

ನಿವೃತ್ತ ಫೌಂಡ್ರಿ:
ನಾನು ಮಾರಿದವನು. ಆ ಕಡೆಯ ಮಾತನ್ನೂ ಕೇಳಿ.

ನನ್ನ ಫೌಂಡ್ರಿ 34 ವರ್ಷ ನಡೆಸಿದೆ. ಮಾರುವ ಹೊತ್ತಿಗೆ ನನ್ನ ಮೋಲ್ಡರ್‌ಗಳು, ಫರ್ನೇಸ್ ನೋಡಿಕೊಳ್ಳುತ್ತಿದ್ದವರು ತೆಗೆದುಕೊಳ್ಳಬಹುದು ಅಂತ ನನಗೆ ಹೊಳೆಯಲೇ ಇಲ್ಲ. ನಿಜ ಹೇಳುತ್ತಿದ್ದೇನೆ. ಅವರನ್ನು ಒಳ್ಳೆಯ ಕೆಲಸಗಾರರು ಅಂತ ನೋಡಿದ್ದೆ, ಮಾಲೀಕರಾಗುವವರು ಅಂತ ಒಂದು ದಿನವೂ ನೋಡಿರಲಿಲ್ಲ. ಹೊರಗಿನವರಿಗೆ ಕೊಟ್ಟೆ. ಒಂದೂವರೆ ವರ್ಷದಲ್ಲಿ ಅಲ್ಲಿ ಗೋದಾಮು ಬಂತು. ಮರಳು ಮುಟ್ಟಿದರೆ ಸಾಕು, ತೇವ ಎಷ್ಟಿದೆ ಅಂತ ಹೇಳುತ್ತಿದ್ದ ಮನುಷ್ಯ ಈಗ ಅದೇ ಗೋದಾಮಿನ ಗೇಟಿನಲ್ಲಿ ಕೂತಿದ್ದಾನೆ. ಅವನ ಮುಂದೆ ಹೋಗಲು ನನಗೆ ಆಗುವುದಿಲ್ಲ.

ನಿಮ್ಮ ಯಜಮಾನರು ತಾವಾಗಿ ಕೇಳಿದ್ದಾರೆ. ಅವರ ಹತ್ತಿರ ನೀವು ಕೇಳಬೇಕಾದದ್ದು ದುಡ್ಡಿಗಿಂತ ಮೊದಲು ಇದು: ನಾಳೆಯಿಂದಲೇ ರೇಟ್ ಹಾಕುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಿರಾಕಿ ಹತ್ತಿರ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಿ, ಬ್ಯಾಗ್ ಹಿಡಿಯಲು ಅಲ್ಲ, ಮಾತಾಡಲು. ಮೊದಲ ವರ್ಷ ಅವರು ಮಾತಾಡಲಿ, ನೀವು ಕೇಳಿ. ಎರಡನೇ ವರ್ಷ ನೀವು ಮಾತಾಡಿ, ಅವರು ಸುಮ್ಮನೆ ಕೂರಲಿ. ಗಿರಾಕಿಯ ಕಣ್ಣು ಯಜಮಾನರಿಂದ ನಿಮ್ಮ ಕಡೆ ತಿರುಗಲು ಅಷ್ಟು ಸಮಯ ಬೇಕು.

ಹೊಲಿಗೆಮನೆ:
ಇದನ್ನು ನಮಗೆ ಯಾರಾದರೂ ಆಗ ಹೇಳಿದ್ದರೆ...

ಜಾಮೀನು:
ದುಡ್ಡಿನ ದಾರಿ. ಇಡೀ ಬೆಲೆಯನ್ನು ಒಂದೇ ಬ್ಯಾಂಕ್ ಸಾಲದಲ್ಲಿ ಎತ್ತಲು ಹೋಗಬೇಡಿ. ಒಂದು ಭಾಗ ನಿಮ್ಮೆಲ್ಲರ ಕೈಯಿಂದ, ಒಂದು ಭಾಗ ಬ್ಯಾಂಕಿನಿಂದ, ದೊಡ್ಡ ಭಾಗ ಯಜಮಾನರಿಗೆ ಐದಾರು ವರ್ಷದ ಕಂತಿನಲ್ಲಿ. ಮಾರಿದವರ ದುಡ್ಡು ಒಳಗೇ ಇದ್ದರೆ ಅವರು ಮನಸ್ಸಿಟ್ಟು ಕಲಿಸುತ್ತಾರೆ. ಬ್ಯಾಂಕಿಗೂ ಧೈರ್ಯ. ಶೆಡ್ ಮತ್ತು ಜಾಗ ಅವರ ಹೆಸರಲ್ಲೇ ಇರಲಿ, ಹತ್ತು ವರ್ಷದ ಬಾಡಿಗೆ ಕರಾರು ಮಾಡಿ. ಜಾಗದ ಬೆಲೆ ತೆಗೆದರೆ ನೀವು ಹೊರಬೇಕಾದ ಮೊತ್ತ ಎಷ್ಟೋ ಇಳಿಯುತ್ತದೆ.

ಇನ್ನು ಸರ್ಕಾರದ ಯೋಜನೆ. 2016ರಲ್ಲಿ ಬಂದ ಸ್ಟ್ಯಾಂಡ್ ಅಪ್ ಇಂಡಿಯಾದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಮಹಿಳೆಯರಿಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಇತ್ತು. ಅವಧಿ 2025ರ ತನಕ. ಆದರೆ ಅದು ಹೊಸ ಉದ್ಯಮಕ್ಕೆ ಮಾತ್ರ, ನಿಮಗೆ ಬರುತ್ತಿರಲಿಲ್ಲ.

ಓದುಗ:
@ಜಾಮೀನು ಸರ್, ಒಂದು ತಿದ್ದುಪಡಿ. ಅದರಲ್ಲಿ ಗ್ರೀನ್‌ಫೀಲ್ಡ್ ಅಂದರೆ ಸಾಲ ಪಡೆಯುವವರ ಮೊದಲ ಉದ್ಯಮ ಅಂತಲೇ ವಿವರಿಸಿದ್ದರು.

ಜಾಮೀನು:
ಪದದ ಲೆಕ್ಕದಲ್ಲಿ ನೀವು ಹೇಳಿದ್ದು ಸರಿ, ಒಪ್ಪುತ್ತೇನೆ. ಆದರೆ ಶಾಖೆಯಲ್ಲಿ ಕೂತವರು "ಹೊಸ ಮೆಷಿನ್ ಕೊಟೇಶನ್ ತನ್ನಿ" ಅನ್ನುತ್ತಿದ್ದರು. ಓಡುತ್ತಿರುವ ಕಾರ್ಖಾನೆಯನ್ನೇ ಕೊಳ್ಳುತ್ತೇನೆ ಅಂದರೆ ಅರ್ಜಿಯಲ್ಲಿ ಅದಕ್ಕೊಂದು ಜಾಗವೇ ಇರುತ್ತಿರಲಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಸಾಲ ಕೊಡುವುದೇ ಸಹಾಯ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಗಿರಾಕಿ ಇರುವ, ಲಾಭ ತೋರಿಸುವ ಕಾರ್ಖಾನೆ ಕೈ ಬದಲಾಯಿಸುವುದು ಅದಕ್ಕಿಂತ ಕಡಿಮೆ ಅಪಾಯ. ಇದಕ್ಕೇ ಬೇರೆ ನಿಧಿ ಬೇಕು. ನನ್ನ ಬಲವಾದ ಅಭಿಪ್ರಾಯ ಇದು.

ಒಗ್ಗಟ್ಟು:
ಬೇರೆ ದೇಶಗಳಲ್ಲಿ ಅಂಥದ್ದು ಇದೆ. ಇಟಲಿಯಲ್ಲಿ 1985ರಿಂದ ಮಾರ್ಕೋರಾ ಕಾನೂನು ಅಂತ ಇದೆ. ಕಾರ್ಖಾನೆ ಮುಚ್ಚುವ ಹಂತಕ್ಕೆ ಬಂದಾಗ ಕೆಲಸಗಾರರು ತಿಂಗಳು ತಿಂಗಳು ಬರಬೇಕಾದ ನಿರುದ್ಯೋಗ ಭತ್ಯೆಯನ್ನು ಒಟ್ಟಿಗೆ ಮುಂಗಡವಾಗಿ ಪಡೆದು, ಸಹಕಾರ ಸಂಘದ ಬಂಡವಾಳವಾಗಿ ಹಾಕಬಹುದು. ಜೊತೆಗೆ ಒಂದು ನಿಧಿಯೂ ಪಾಲು ಹಾಕುತ್ತದೆ. ಬ್ರಿಟನ್‌ನಲ್ಲಿ 2014ರಲ್ಲಿ ಕಾನೂನು ಮಾಡಿದರು, ಅರ್ಧಕ್ಕಿಂತ ಹೆಚ್ಚು ಪಾಲನ್ನು ಕೆಲಸಗಾರರ ಟ್ರಸ್ಟಿಗೆ ಮಾರುವ ಮಾಲೀಕರಿಗೆ ತೆರಿಗೆ ರಿಯಾಯಿತಿ ಅಂತ. ಅಮೆರಿಕದಲ್ಲಿ ಕೆಲಸಗಾರರಿಗೆ ಕಂಪನಿಯ ಪಾಲು ಕೊಡುವ ಇಸಾಪ್ (ESOP) ಪದ್ಧತಿಗೆ 1974ರಲ್ಲೇ ಕಾನೂನಿನ ಬಲ ಸಿಕ್ಕಿತು.

ಹೊಲಿಗೆಮನೆ:
ಇವುಗಳಲ್ಲಿ ಕೆಲಸಗಾರರು ಅಂತಿದೆ. ನಮ್ಮಂಥ ಸಮುದಾಯ ಅಂತ ಎಲ್ಲಿದೆ? ಟ್ರಸ್ಟ್ ಮಾಡಿದರೂ ಆಫೀಸಿನಲ್ಲಿ ಕೂರುವವರೇ ಮುಂದೆ ಬರುತ್ತಾರೆ, ಮೆಷಿನ್ ಹತ್ತಿರ ಇರುವವರು ಅಲ್ಲೇ ಇರುತ್ತಾರೆ.

ಒಗ್ಗಟ್ಟು:
ಒಳ್ಳೆಯ ಪ್ರಶ್ನೆ ಅಕ್ಕ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಎವರ್‌ಗ್ರೀನ್ ಸಹಕಾರಿಗಳು 2008ರಲ್ಲಿ ಶುರುವಾದವು. ಬಡ, ಹೆಚ್ಚಾಗಿ ಕಪ್ಪು ಜನರು ಇರುವ ಬಡಾವಣೆಗಳವರನ್ನೇ ಕೆಲಸಕ್ಕೆ ತೆಗೆದುಕೊಂಡು, ಅವರನ್ನೇ ಮಾಲೀಕರನ್ನಾಗಿ ಮಾಡುವುದು ಉದ್ದೇಶ. ಮೊದಲು ಲಾಂಡ್ರಿ. ಅಲ್ಲಿನ ಆಸ್ಪತ್ರೆಗಳಂಥ ದೊಡ್ಡ ಸಂಸ್ಥೆಗಳು ಹೊರಗೆ ಕೊಡುವ ಕೆಲಸವನ್ನು ಹಿಡಿದರು. ಹತ್ತು ವರ್ಷದ ಅನುಭವದ ಮೇಲೆ 2018ರಲ್ಲಿ ಒಂದು ನಿಧಿ ಮಾಡಿದರು. ನಿವೃತ್ತಿಯಾಗುವ ಮಾಲೀಕರ ಉದ್ಯಮಗಳನ್ನು ಆ ನಿಧಿ ಕೊಂಡು, ಕೆಲಸಗಾರರಿಗೆ ದಾಟಿಸುತ್ತದೆ. ಹೊಸದನ್ನು ಶೂನ್ಯದಿಂದ ಕಟ್ಟುವುದು ಎಷ್ಟು ನಿಧಾನ ಅಂತ ಅವರಿಗೆ ಗೊತ್ತಾಗಿತ್ತು.

ಶಿಕಾಗೋದ ಕಿಟಕಿ ಕಾರ್ಖಾನೆಯ ಕಥೆ ಇನ್ನೂ ಗಟ್ಟಿ. 2008ರ ಡಿಸೆಂಬರ್‌ನಲ್ಲಿ ಮಾಲೀಕರು ದಿಢೀರ್ ಮುಚ್ಚಿದರು. ಕೆಲಸಗಾರರು, ಹೆಚ್ಚಿನವರು ಲ್ಯಾಟಿನ್ ಅಮೆರಿಕ ಮೂಲದವರು ಮತ್ತು ಕಪ್ಪು ಜನ, ಆರು ದಿನ ಒಳಗೇ ಕೂತು ಬಾಕಿ ವಸೂಲು ಮಾಡಿಕೊಂಡರು. 2012ರಲ್ಲಿ ಮುಂದಿನ ಮಾಲೀಕರೂ ಮುಚ್ಚುತ್ತೇವೆ ಅಂದಾಗ, ತಾವೇ ನ್ಯೂ ಎರಾ ವಿಂಡೋಸ್ ಅನ್ನುವ ಸಹಕಾರಿ ಕಟ್ಟಿ ಮೆಷಿನ್ ತೆಗೆದುಕೊಂಡರು.

ನೇರಮಾತು:
ಗೆದ್ದ ಕಥೆ ಮಾತ್ರ ಹೇಳುತ್ತಿದ್ದೀರಿ. ಕಮಾನಿ ಟ್ಯೂಬ್ಸ್ ಮರೆತಿರಾ? 1988ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಸಿಕ್ಕಿ ಮುಂಬೈನ ಆ ಕಾರ್ಖಾನೆ ಕೆಲಸಗಾರರ ಸಹಕಾರಿ ಕೈಗೆ ಬಂತು. ದೇಶವೇ ಹೊಗಳಿತು. ಕೆಲವು ವರ್ಷ ಚೆನ್ನಾಗಿ ನಡೆದು ಮತ್ತೆ ಕಷ್ಟಕ್ಕೆ ಬಿತ್ತು. ಸ್ಪೇನಿನಲ್ಲಿ ಮೊಂಡ್ರಾಗನ್ ಅನ್ನುವ ದೊಡ್ಡ ಸಹಕಾರಿಗಳ ಗುಂಪು ಇದೆ, ಅದರ ಫಾಗೋರ್ ಕಂಪನಿಯೇ 2013ರಲ್ಲಿ ದಿವಾಳಿ ಆಯಿತು.

ಓದುಗ:
ಫಾಗೋರ್ ಬಿದ್ದದ್ದು ನಿಜ. ಆದರೆ ಅದರ ಸದಸ್ಯರಲ್ಲಿ ತುಂಬಾ ಜನರಿಗೆ ಅದೇ ಗುಂಪಿನ ಬೇರೆ ಸಹಕಾರಿಗಳಲ್ಲಿ ಕೆಲಸ ಕೊಟ್ಟರು. ಮೊಂಡ್ರಾಗನ್ 1956ರಲ್ಲಿ ಸ್ಟವ್ ಮಾಡುವ ಸಣ್ಣ ಕಾರ್ಖಾನೆಯಿಂದ ಶುರುವಾಯಿತು, ಮೂರೇ ವರ್ಷಕ್ಕೆ ತಮ್ಮದೇ ಬ್ಯಾಂಕ್ ಕಟ್ಟಿಕೊಂಡರು. ಕಮಾನಿಗೆ ಅಂಥ ಬೆನ್ನು ಇರಲಿಲ್ಲ. ಅದು ಮೊದಲೇ ಮಲಗಿದ್ದ ಕಾರ್ಖಾನೆ ಬೇರೆ. ಇಲ್ಲಿ ನಾವು ಮಾತಾಡುತ್ತಿರುವುದು ಓಡುತ್ತಿರುವ ಕಾರ್ಖಾನೆ. ಅನಾರೋಗ್ಯದ ಕಾರ್ಖಾನೆಯನ್ನು ಬಡವರ ಕೈಗೆ ಕೊಟ್ಟು, ಅದು ಸತ್ತಾಗ "ನೋಡಿ, ಇವರ ಕೈಲಿ ಆಗಲ್ಲ" ಅನ್ನುವುದು ಎಷ್ಟು ಸರಿ?

ನೇರಮಾತು:
ಆ ಮಾತು ಒಪ್ಪಬೇಕು. ಮಲಗಿದ ಕಾರ್ಖಾನೆಗೂ ಓಡುವ ಕಾರ್ಖಾನೆಗೂ ವ್ಯತ್ಯಾಸ ಇದೆ.

ಸ್ಪಿಂಡಲ್:
ಇವತ್ತು ಒಂದು ವಿಷಯ ನಡೆಯಿತು, ಮನಸ್ಸಿಗೆ ಕಸಿವಿಸಿ ಆಗಿದೆ. ನಮಗೆ ಕಚ್ಚಾ ಮಾಲು ಕೊಡುವ ಒಬ್ಬರಿಗೆ ಸುದ್ದಿ ಹೋಗಿದೆ. ಸಂಜೆ ಕರೆದರು. "ಪೂರ್ತಿ ದುಡ್ಡು ನಾನು ಹಾಕ್ತೀನಿ. ಕಾಗದದಲ್ಲಿ 51 ಭಾಗ ನಿನ್ನ ಹೆಸರಲ್ಲಿ ಇರಲಿ, ಮೀಸಲು ಟೆಂಡರ್ ಸಿಗುತ್ತೆ. ನಿನಗೆ ತಿಂಗಳಿಗೆ ಇಷ್ಟು ಅಂತ ಕೊಡ್ತೀನಿ" ಅಂದರು. ಮೊತ್ತ ನನ್ನ ಈಗಿನ ಸಂಬಳದ ಎರಡರಷ್ಟು. ಏನು ಮಾಡಲಿ?

ಹೊಲಿಗೆಮನೆ:
ಬೇಡ ಅಣ್ಣ. ಬೇಡ.

ಜಾಮೀನು:
ಸಹಿ ಹಾಕಬೇಡಿ. ಸಾಲಕ್ಕೆ ಜವಾಬ್ದಾರಿ ನೀವು, ಲಾಭ ಅವರದ್ದು. ನಾಳೆ ಕೇಸು ಆದರೆ ಪೊಲೀಸರು ಕಾಗದದಲ್ಲಿರುವ ಹೆಸರನ್ನು ಹುಡುಕಿಕೊಂಡು ಬರುತ್ತಾರೆ.

ಓದುಗ:
ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಫ್ರಂಟಿಂಗ್ ಅನ್ನುತ್ತಾರೆ. ವರ್ಣಭೇದ ನೀತಿ ಹೋದ ಮೇಲೆ ಕಪ್ಪು ಜನರಿಗೆ ಉದ್ಯಮಗಳ ಒಡೆತನ ಸಿಗಲಿ ಅಂತ 2003ರಲ್ಲಿ ಕಾನೂನು ಮಾಡಿದರು. ಕಾವಲುಗಾರರ, ತೋಟದ ಕೆಲಸದವರ ಹೆಸರಲ್ಲಿ ಪಾಲು ಬರೆದು ಟೆಂಡರ್ ಹೊಡೆಯುವ ದಂಧೆಯೂ ಜೊತೆಗೇ ಬೆಳೆಯಿತು. ಕೊನೆಗೆ 2013ರ ತಿದ್ದುಪಡಿಯಲ್ಲಿ ಅದನ್ನು ಅಪರಾಧ ಅಂತ ಮಾಡಿ, 10 ವರ್ಷದವರೆಗೆ ಜೈಲು ಇಟ್ಟರು.

ನಮ್ಮಲ್ಲಿ ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ಯಮಗಳು ತಮ್ಮ ಖರೀದಿಯಲ್ಲಿ 25% ಸಣ್ಣ ಉದ್ಯಮಗಳಿಂದ ಮಾಡಬೇಕು, ಅದರೊಳಗೆ 4% ಪರಿಶಿಷ್ಟರ ಉದ್ಯಮಗಳಿಂದ, 3% ಮಹಿಳೆಯರ ಉದ್ಯಮಗಳಿಂದ ಅಂತ ಗುರಿ ಇದೆ. ನಿಮ್ಮ ಕಾರ್ಖಾನೆ ನಿಜವಾಗಿ ನಿಮ್ಮದಾದರೆ ಆ ಬಾಗಿಲು ನಿಮಗೇ ತೆರೆಯುತ್ತದೆ. ಅವರಿಗೆ ಬೇಕಿರುವುದು ಅದೇ ಬಾಗಿಲಿನ ಕೀಲಿ.

ಲೆಕ್ಕದಪುಸ್ತಕ:
ನಾನು ಮೂರೇ ಪ್ರಶ್ನೆ ಕೇಳುತ್ತೇನೆ. ಚೆಕ್ಕಿಗೆ ಸಹಿ ಯಾರದು? ಕೆಲಸಕ್ಕೆ ತೆಗೆದುಕೊಳ್ಳುವುದು, ಬಿಡಿಸುವುದು ಯಾರು? ವರ್ಷದ ಕೊನೆಗೆ ಉಳಿದದ್ದು ಯಾರ ಖಾತೆಗೆ? ಮೂರಕ್ಕೂ ನಿಮ್ಮ ಹೆಸರು ಬರದಿದ್ದರೆ ಅದು ಒಡೆತನ ಅಲ್ಲ.

ಸ್ಪಿಂಡಲ್:
ಧನ್ಯವಾದ ಎಲ್ಲರಿಗೂ. ನಾಳೆ ಆಗುವುದಿಲ್ಲ ಅಂತ ಹೇಳಿಬಿಡುತ್ತೇನೆ. ಮನೆಯವಳೂ ಇದನ್ನೇ ಹೇಳಿದಳು. ಆದರೆ ಅವರು ಉದ್ರಿ ನಿಲ್ಲಿಸಿದರೆ ಅನ್ನುವ ಭಯ ಇದೆ.

ನಿವೃತ್ತ ಫೌಂಡ್ರಿ:
ಇಂದಿನಿಂದಲೇ ಎರಡನೇ ಸ್ಟೀಲ್ ಸರಬರಾಜುದಾರರನ್ನು ಹುಡುಕಿ. ಯಜಮಾನರ ಮೂಲಕವೇ ಖಾತೆ ತೆರೆಸಿ, ಅವರು ಇರುವಾಗಲೇ ಆರು ತಿಂಗಳು ವ್ಯವಹಾರ ಮಾಡಿ. ಉದ್ರಿ ಹೆಸರಿಗೆ ಸಿಗುವುದಲ್ಲ, ಹೇಳಿದ ದಿನ ದುಡ್ಡು ಕೊಟ್ಟದ್ದಕ್ಕೆ ಸಿಗುವುದು.

ಮೈಕ್ರಾನ್:
ಬೇರಿಂಗ್ ಬದಲಾಯಿಸಿದಿರಾ?

ಸ್ಪಿಂಡಲ್:
ಭಾನುವಾರ ಬಿಚ್ಚುತ್ತೇವೆ ಸರ್.

ಒಗ್ಗಟ್ಟು:
ಕಂಪನಿಯೋ ಸಂಘವೋ ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. ನಾನು ಸಹಕಾರ ಸಂಘವೇ ಅನ್ನುತ್ತೇನೆ. ಒಬ್ಬರಿಗೆ ಒಂದು ಮತ.

ಲೆಕ್ಕದಪುಸ್ತಕ:
ನಾನು ಒಪ್ಪುವುದಿಲ್ಲ. ಮೊದಲು ಖಾಸಗಿ ಕಂಪನಿಯಾಗಿ ಇರಲಿ, ಪಾಲು ಎಲ್ಲರ ಹೆಸರಲ್ಲಿ ಇರಲಿ, ಒಬ್ಬರಿಗೆ ಒಂದು ಮತ ಅನ್ನುವುದನ್ನು ಪಾಲುದಾರರ ಕರಾರಿನಲ್ಲಿ ಬರೆಯಿರಿ. ಬ್ಯಾಂಕಿಗೂ ಗಿರಾಕಿಗೂ ಕಂಪನಿ ಅಂದರೆ ಅರ್ಥ ಆಗುತ್ತದೆ. ಬಿಟ್ಟು ಹೋಗುವವರು ತಮ್ಮ ಪಾಲನ್ನು ಉಳಿದವರಿಗೇ ಮಾರಬೇಕು ಅಂತ ತಪ್ಪದೆ ಬರೆಯಿರಿ. ಇಲ್ಲದಿದ್ದರೆ ಐದು ವರ್ಷದಲ್ಲಿ ಆ ಕಚ್ಚಾ ಮಾಲಿನವರೇ ಒಬ್ಬೊಬ್ಬರ ಪಾಲನ್ನೂ ಕೊಂಡುಬಿಡುತ್ತಾರೆ.

ಒಗ್ಗಟ್ಟು:
ಕರಾರಿನಲ್ಲಿ ಬರೆದದ್ದನ್ನು ನಾಳೆ ತಿದ್ದಬಹುದು. ಸಂಘದಲ್ಲಿ ಕಾನೂನೇ ಕಾಯುತ್ತದೆ.

ಲೆಕ್ಕದಪುಸ್ತಕ:
ಕಾನೂನು ಕಾಯುತ್ತದೆ, ಇಲಾಖೆಯೂ ಒಳಗೆ ಬಂದು ಕೂರುತ್ತದೆ. ಎರಡನ್ನೂ ನೋಡಿದ್ದೇನೆ.

ಸ್ಪಿಂಡಲ್:
ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ಮರೆತಿಲ್ಲ, ಕೆಲಸ ಜಾಸ್ತಿ ಇತ್ತು.

23ರಲ್ಲಿ 14 ಜನ ಸೇರುತ್ತೇವೆ ಅಂದಿದ್ದಾರೆ. ಆರು ಜನ ಸಂಬಳ ಸಾಕು ಅಂದರು, ಮೂವರು ಇನ್ನೂ ಯೋಚಿಸುತ್ತಿದ್ದಾರೆ. ಯಾರನ್ನೂ ಒತ್ತಾಯ ಮಾಡಿಲ್ಲ. ಪ್ರತಿ ತಿಂಗಳು ಒಂದಿಷ್ಟು ಅಂತ ಒಂದೇ ಖಾತೆಗೆ ಹಾಕುತ್ತಿದ್ದೇವೆ. ಸದ್ಯಕ್ಕೆ ಕಂಪನಿ ಅಂತ ತೀರ್ಮಾನ ಆಗಿದೆ, ಒಗ್ಗಟ್ಟು ಅಣ್ಣ ಕ್ಷಮಿಸಿ. ಜಾಗ ಬಾಡಿಗೆಗೆ ಅಂತ ಯಜಮಾನರು ಒಪ್ಪಿದ್ದಾರೆ. ಬೆಲೆ ಇನ್ನೂ ಆಗಿಲ್ಲ, ಅದರಲ್ಲಿ ಅವರು ಗಟ್ಟಿ.

ಹೇಳಬೇಕಾದದ್ದು ಬೇರೆ. ಹೋದ ವಾರ ಅವರು ತಮ್ಮ ರೇಟಿನ ನೋಟ್‌ಬುಕ್ ನನ್ನ ಕೈಗೆ ಕೊಟ್ಟರು. ಬೈಂಡಿಂಗ್ ಹೋಗಿದೆ, ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಪ್ರತಿ ಗಿರಾಕಿಗೂ ಒಂದು ಪುಟ. ಯಾರು ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ, ಯಾರು ಎಷ್ಟು ಚೌಕಾಸಿ ಮಾಡುತ್ತಾರೆ ಎಲ್ಲಾ ಪೆನ್ಸಿಲಿನಲ್ಲಿ ಇದೆ. 19 ವರ್ಷ ಅದನ್ನು ಅವರ ಮೇಜಿನ ಮೇಲೆ ನೋಡಿದ್ದೆ, ಮುಟ್ಟಿರಲಿಲ್ಲ. "ಈ ಡ್ರಾಯಿಂಗ್‌ಗೆ ನೀನು ರೇಟ್ ಹಾಕು, ನಾನು ನೋಡಲ್ಲ" ಅಂದರು.

ಶಾಫ್ಟ್, ಉದ್ದ 420 ಮಿಲಿಮೀಟರ್, ಇಎನ್8 ಸ್ಟೀಲ್, ಎರಡು ಕಡೆ ಕೀವೇ (ಕೀಲಿ ಕೂರುವ ಗಾಡಿ), ಬೇರಿಂಗ್ ಕೂರುವ ಜಾಗ ಇಂಡಕ್ಷನ್ ಹಾರ್ಡನಿಂಗ್ (ಕಾಯಿಸಿ ಗಟ್ಟಿ ಮಾಡುವುದು) ಮಾಡಿ ಗ್ರೈಂಡಿಂಗ್. 200 ಪೀಸ್. ಮೆಟೀರಿಯಲ್, ಸೈಕಲ್ ಟೈಮ್, ಸೆಟ್ಟಿಂಗ್, ಟೂಲ್ ಸವೆತ, ಹಾರ್ಡನಿಂಗ್ ಚಾರ್ಜ್, ಗ್ರೈಂಡಿಂಗ್, ಪ್ಯಾಕಿಂಗ್, ಬಾಡಿಗೆ, ಕರೆಂಟು ಎಲ್ಲಾ ಹಾಕಿ ಲೆಕ್ಕ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಕಳಿಸಬೇಕು.

ಹೊಲಿಗೆಮನೆ:
ಅಣ್ಣ, ಓದಿ ಕಣ್ಣು ತುಂಬಿ ಬಂತು.

ನೇರಮಾತು:
ಒಳ್ಳೆಯದಾಗಲಿ. ಮನಸಾರೆ ಹೇಳುತ್ತಿದ್ದೇನೆ.

ನಿವೃತ್ತ ಫೌಂಡ್ರಿ:
ಹಾರ್ಡನಿಂಗ್ ಹೊರಗೆ ಮಾಡಿಸುತ್ತೀರಲ್ಲ, ಹೋಗಿ ಬರುವ ಸಾಗಣೆ ಹಾಕಿದ್ದೀರಾ? ಅಲ್ಲಿ ಬಿರುಕು ಬಿಟ್ಟು ಹಾಳಾಗುವ ಪೀಸ್‌ಗಳ ಲೆಕ್ಕ?

ಸ್ಪಿಂಡಲ್:
ಸಾಗಣೆ ಹಾಕಿದ್ದೇನೆ ಸರ್. ಹಾಳಾಗುವ ಪೀಸ್ ಹಾಕಿಲ್ಲ. ಈಗಲೇ ತಿದ್ದುತ್ತೇನೆ.